ಬೆಂಗಳೂರಿನ ಹೋಟೆಲುಗಳಲ್ಲಿ ಗೋಧಿಯಿಲ್ಲದ ಊಟ: ಕೇಳುವ ಬಗೆ, ನೋಡುವ ಬಗೆ

ನನ್ನ ಮಗಳಿಗೆ ಸೀಲಿಯಾಕ್, ಅಂದರೆ ಗೋಧಿ ತಿಂದರೆ ಕರುಳಿಗೆ ಪೆಟ್ಟಾಗುವ ಕಾಯಿಲೆ, ಇದೆಯೆಂದು ವೈದ್ಯರು ಹೇಳಿದಾಗ ಅವಳಿಗೆ 7 ವರ್ಷ. ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. ನಡುವಿನ ಈ ವರ್ಷಗಳಲ್ಲಿ ಬೆಂಗಳೂರಿನ ದರ್ಶಿನಿ, ಮಿಲಿಟರಿ ಹೋಟೆಲು, ಖಾನಾವಳಿ, ಮಾಲ್‌ನ ರೆಸ್ಟೋರೆಂಟು, ಮದುವೆ ಛತ್ರ ಎಲ್ಲ ಕಡೆಯೂ ಅವಳ ಪಕ್ಕದಲ್ಲಿ ಕುಳಿತು ಉಂಡಿದ್ದೇನೆ; ಕೆಲವು ಕಡೆ ಉಣ್ಣದೆ ಎದ್ದು ಬಂದದ್ದೂ ಉಂಟು. ಗೋಧಿ ತಿನ್ನಬಾರದವರು ಈ ಊರಿನಲ್ಲಿ ಹೊರಗೆ ಊಟ ಮಾಡಲು ಸಾಧ್ಯವೇ ಎಂದು ಕೇಳುವವರಿಗೆ, ಸಾಧ್ಯ, ಅದೂ ಹೊಟ್ಟೆ ತುಂಬ ಉಣ್ಣಬಹುದು ಎಂದೇ ನಾನು ಹೇಳುತ್ತೇನೆ. ಆದರೆ ‘ಗ್ಲುಟೆನ್’ (ಗೋಧಿಯಲ್ಲಿರುವ ಪ್ರೋಟೀನು) ಎಂಬ ಪದವನ್ನು ಮನೆಯಲ್ಲೇ ಬಿಟ್ಟು ಹೋಗಬೇಕು, ಅಡುಗೆಮನೆಯವರ ಮಾತಿನಲ್ಲೇ ಕೇಳಬೇಕು, ಕೇಳಿದ ಮೇಲೆ ಕಾವಲಿಯನ್ನು ಕಣ್ಣಾರೆ ನೋಡಬೇಕು.

ಮೊದಲಿಗೆ ಒಂದು ಎಚ್ಚರಿಕೆಯ ಮಾತು. ಹೊಟ್ಟೆಯುಬ್ಬರವೋ ಸುಸ್ತೋ ಕಂಡಿತೆಂದು ತಾವಾಗಿಯೇ ಗೋಧಿ ಬಿಟ್ಟವರು ಅನಂತರ ರಕ್ತಪರೀಕ್ಷೆ ಮಾಡಿಸಿದರೆ ಫಲಿತಾಂಶ ಸರಿಯಾಗಿ ಬರುವುದಿಲ್ಲ. ಗೋಧಿ ತಿನ್ನುತ್ತಿರುವಾಗಲೇ ಪರೀಕ್ಷೆ ಆಗಬೇಕು. ಸೀಲಿಯಾಕ್ ಎಂದು ಖಚಿತವಾದವರಿಗೆ ಇದು ಕಟ್ಟುನಿಟ್ಟಿನ, ಜೀವನಪೂರ್ತಿಯ ಪಥ್ಯ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಒಳಗೆ ಹೋದರೆ ಶರೀರದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರದ ಮೇಲೆ ಎರಗುತ್ತದೆ. ದಿನಕ್ಕೆ 10 ಮಿಲಿಗ್ರಾಂನಷ್ಟು ಗ್ಲುಟೆನ್ನನ್ನು ಹೆಚ್ಚಿನ ರೋಗಿಗಳು ತಾಳಿಕೊಳ್ಳುತ್ತಾರೆ ಎಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಒಂದು ತುಂಡು ಬ್ರೆಡ್ಡಿನಲ್ಲಿ ಸುಮಾರು 2 ಗ್ರಾಂ ಇರುತ್ತದೆ, ಅಂದರೆ ಆ ತುಂಡಿನ ಇನ್ನೂರನೆಯ ಒಂದು ಪಾಲಿಗೇ ಮಿತಿ ಮುಗಿಯಿತು. ಕುದಿಸಿದರೂ ಕರಿದರೂ ಅದು ನಾಶವಾಗುವುದಿಲ್ಲ. ಈ ಪ್ರಮಾಣವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಮುಂದೆ ನಾನು ಚೂರುಪಾರು ರವೆಯ ಬಗ್ಗೆ ಇಷ್ಟು ಹೊತ್ತು ಮಾತನಾಡುವುದು ಏಕೆಂದು ತಿಳಿಯುತ್ತದೆ.

ಕೇಳುವುದು ಹೇಗೆ

ದರ್ಶಿನಿಯ ಗಲ್ಲಾದಲ್ಲಿ ನಿಂತು ‘ಇದು ಗ್ಲುಟೆನ್ ಫ್ರೀ ಇದೆಯಾ’ ಎಂದು ಕೇಳಿದರೆ ಬಹುತೇಕ ‘ಇದೆ ಮೇಡಂ’ ಎಂಬ ಉತ್ತರವೇ ಬರುತ್ತದೆ. ಅದರಲ್ಲಿ ಮೋಸವಿಲ್ಲ; ಪದ ಗೊತ್ತಿಲ್ಲದವರು ಗಿರಾಕಿಯನ್ನು ನಿರಾಶೆಗೊಳಿಸದಿರಲು ಹೇಳುವ ಮಾತು ಅದು. ‘ಗೋಧಿ ಇದೆಯಾ’ ಎಂದು ಮಾತ್ರ ಕೇಳಿದರೂ ಸಾಲದು, ಏಕೆಂದರೆ ನಮ್ಮ ಜನರ ಮನಸ್ಸಿನಲ್ಲಿ ಗೋಧಿ ಎಂದರೆ ಚಪಾತಿಯ ಹಿಟ್ಟು. ಮೈದಾ ಬೇರೆ ವಸ್ತು, ರವೆ ಇನ್ನೊಂದು ವಸ್ತು. ಆದ್ದರಿಂದ ಮೂರನ್ನೂ ಹೆಸರು ಹಿಡಿದು ಹೇಳಬೇಕು: ‘ಅಣ್ಣಾ, ಮಗಳಿಗೆ ಡಾಕ್ಟರು ಪಥ್ಯ ಹೇಳಿದ್ದಾರೆ. ಗೋಧಿ ಹಿಟ್ಟು, ಮೈದಾ, ರವೆ, ಮೂರೂ ಒಂದು ಚೂರೂ ಆಗೋದಿಲ್ಲ. ಈ ಹಿಟ್ಟಿಗೆ ಏನೇನು ಹಾಕಿದ್ದೀರಿ?’ ಕೊನೆಯ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಹೇಳಿ ಮುಗಿಸುವಂತಿಲ್ಲ. ಕೇಳಿಸಿಕೊಂಡವರು ಒಳಗೆ ಹೋಗಿ ವಿಚಾರಿಸಲೇಬೇಕಾಗುತ್ತದೆ. ‘ಪಥ್ಯ’ ಎಂಬ ಮಾತಿಗೆ ನಮ್ಮ ಅಡುಗೆಯವರು ಕೊಡುವ ಗೌರವವನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅಲರ್ಜಿ ಎಂದರೆ ಬೇಡ ಎನ್ನುವವರ ಹಟ ಎಂದು ಭಾವಿಸುವ ವಯಸ್ಸಾದ ಭಟ್ಟರೊಬ್ಬರು, ಪಥ್ಯ ಎಂದ ಕೂಡಲೇ ಸೌಟು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

ರವೆಯ ವಿಷಯದಲ್ಲಿ ಕನ್ನಡಿಗರಿಗೆ ಎದುರಾಗುವ ಒಂದು ಗೊಂದಲವಿದೆ. ಇಡ್ಲಿ ರವೆ ಎಂದರೆ ಅಕ್ಕಿಯ ತರಿ, ಅದು ನಮಗೆ ಆಗುತ್ತದೆ. ಬಾಂಬೆ ರವೆ, ಚಿರೋಟಿ ರವೆ, ಬನ್ಸಿ ರವೆಗಳು ಗೋಧಿಯವು, ಆಗುವುದಿಲ್ಲ. ‘ಇಡ್ಲಿಗೆ ರವೆ ಹಾಕ್ತೀರಾ’ ಎಂದರೆ ಅವರು ಪ್ರಾಮಾಣಿಕವಾಗಿ ಹೌದೆನ್ನುತ್ತಾರೆ, ನೀವು ಸುಮ್ಮನೆ ಹಸಿದು ಹೊರಡುತ್ತೀರಿ. ‘ಅಕ್ಕಿ ರವೆಯಾ, ಉಪ್ಪಿಟ್ಟಿನ ರವೆಯಾ’ ಎಂದು ಕೇಳಿ. ಶಾವಿಗೆಯೂ ಹಾಗೆಯೇ: ಒತ್ತು ಶಾವಿಗೆ ಅಕ್ಕಿಯದು, ಶಾವಿಗೆ ಬಾತಿನದು ಸಾಮಾನ್ಯವಾಗಿ ಗೋಧಿಯದು.

ಈಗ ಬೆಂಗಳೂರಿನ ಎಷ್ಟೋ ಅಡುಗೆಮನೆಗಳಲ್ಲಿ ಕಾವಲಿಯ ಮುಂದೆ ನಿಂತವರಿಗೆ ಕನ್ನಡ ಬರುವುದಿಲ್ಲ. ಅದಕ್ಕಾಗಿ ನಾವು ಅಂಗೈಯಗಲದ ಚೀಟಿಯೊಂದನ್ನು ಬರೆದು ಪ್ಲಾಸ್ಟಿಕ್ ಹೊದಿಸಿ ಇಟ್ಟುಕೊಂಡಿದ್ದೇವೆ. ಒಂದು ಬದಿಯಲ್ಲಿ ಕನ್ನಡ, ಇನ್ನೊಂದು ಬದಿಯಲ್ಲಿ ಹಿಂದಿ. ಹಿಂದಿಯ ಕಡೆ ಗೇಹೂ, ಆಟಾ, ಮೈದಾ, ಸೂಜಿ, ದಲಿಯಾ ಎಂಬ ಐದು ಹೆಸರುಗಳು ದಪ್ಪಕ್ಷರದಲ್ಲಿವೆ. ಹೇಳಿದ ಮಾತು ಸಪ್ಲೈಯರ್‌ನಿಂದ ಒಳಗೆ ಹೋಗುವಷ್ಟರಲ್ಲಿ ಅರ್ಧವಾಗುತ್ತದೆ, ಚೀಟಿ ಹಾಗೇ ಹೋಗುತ್ತದೆ.

ಕಾವಲಿ ಮತ್ತು ಬಾಣಲೆ

ದರ್ಶಿನಿಗಳಿಂದ ನಮಗಾದ ದೊಡ್ಡ ಉಪಕಾರವೆಂದರೆ ಅಡುಗೆ ಕಣ್ಣೆದುರಿಗೇ ನಡೆಯುವುದು. ಟೋಕನ್ ತೆಗೆದುಕೊಳ್ಳುವ ಮೊದಲು ಐದು ನಿಮಿಷ ಕಾವಲಿಯ ಎದುರು ನಿಂತು ನೋಡಿ. ಮಾಸ್ಟರು ಕಾದ ಕಾವಲಿಯ ಮೇಲೆ ನೀರು ಚಿಮುಕಿಸುತ್ತಾರೆ, ಚುಂಯ್ ಎಂದು ಹಬೆ ಏಳುತ್ತದೆ, ತೆಂಗಿನಗರಿಯ ಮೋಟು ಪೊರಕೆಯಿಂದ ಈ ತುದಿಯಿಂದ ಆ ತುದಿಗೆ ಗುಡಿಸುತ್ತಾರೆ, ಅನಂತರ ಸಾಲಾಗಿ ಎಂಟು ದೋಸೆ ಹುಯ್ಯುತ್ತಾರೆ. ನೋಡಲು ಬಹಳ ಚೆಂದ. ಆದರೆ ಹಿಂದಿನ ಸುತ್ತಿನಲ್ಲಿ ಅಲ್ಲಿ ರವೆ ದೋಸೆ ಬೆಂದಿದ್ದರೆ ಅದರ ಚೂರುಗಳು ಆ ಪೊರಕೆಯ ಕಡ್ಡಿಗಳ ನಡುವೆಯೇ ಇರುತ್ತವೆ. ಗುಡಿಸಿದಷ್ಟೂ ಅವು ಕಾವಲಿಯ ಮೇಲೆಲ್ಲ ಹರಡುತ್ತವೆ. ಪಕ್ಕದಲ್ಲೇ ಚಪಾತಿ, ಪರೋಟಾ ಬೇಯುತ್ತಿದ್ದರೆ ಸಟ್ಟುಗವೂ ಒಂದೇ ಆಗಿರುತ್ತದೆ. ಹೀಗಾಗಿ ದೋಸೆ ತಿನ್ನುವ ಮನಸ್ಸಿದ್ದರೆ ಮೆನುವಿನಲ್ಲಿ ರವೆ ದೋಸೆ, ಚಪಾತಿ ಎರಡೂ ಇಲ್ಲದ ಹೋಟೆಲನ್ನು ಹುಡುಕಿಕೊಳ್ಳುವುದು ಒಳ್ಳೆಯದು; ಬರೀ ದೋಸೆಗಾಗಿಯೇ ಹೆಸರಾದ ಪುಟ್ಟ ಹೋಟೆಲುಗಳು ಈ ಊರಿನ ಹಳೆಯ ಬಡಾವಣೆಗಳಲ್ಲಿ ಇನ್ನೂ ಇವೆ.

ದೋಸೆಯ ಹಿಟ್ಟನ್ನೂ ವಿಚಾರಿಸದೆ ನಂಬಬಾರದು. ಅಕ್ಕಿ, ಉದ್ದು, ಮೆಂತ್ಯ, ಅವಲಕ್ಕಿ, ಕಡಲೆಬೇಳೆ ಇದ್ದರೆ ಚಿಂತೆಯಿಲ್ಲ. ಗರಿಗರಿಯಾಗಲೆಂದು ರವೆಯನ್ನೋ ಮೈದಾವನ್ನೋ ಸೇರಿಸುವವರು ಇದ್ದಾರೆ. ನಾವು ವರ್ಷಗಟ್ಟಲೆ ಹೋಗುತ್ತಿದ್ದ ಹೋಟೆಲೊಂದರಲ್ಲಿ ವಾರದ ದಿನಗಳಲ್ಲಿ ಏನೂ ಆಗುತ್ತಿರಲಿಲ್ಲ, ಒಂದು ಭಾನುವಾರ ತಿಂದ ರಾತ್ರಿಯೇ ಮಗಳು ವಾಂತಿ ಮಾಡಿಕೊಂಡು ಮೂರು ದಿನ ಮಲಗಿದಳು. ಮುಂದಿನ ವಾರ ಹೋಗಿ ಸಮಾಧಾನದಿಂದ ಕೇಳಿದಾಗ, ಭಾನುವಾರ ಜನ ಹೆಚ್ಚಾಗಿ ಹಿಟ್ಟು ಸಾಲದೆ ಹೋದರೆ ಒಂದಷ್ಟು ರವೆ ಕಲಸಿ ಸೇರಿಸುತ್ತೇವೆ ಎಂದು ಅವರೇ ಹೇಳಿದರು. ಹಿಟ್ಟಿನ ಬಗ್ಗೆ ನಾನು ಮೊದಲು ಕೇಳಿದ್ದು ಮಂಗಳವಾರ, ಅವಳು ತಿಂದದ್ದು ಭಾನುವಾರ. ಅಂದಿನಿಂದ ‘ಇವತ್ತಿನ ಹಿಟ್ಟಿಗೆ’ ಎಂಬ ಮಾತನ್ನು ಸೇರಿಸಿಯೇ ಕೇಳುತ್ತೇನೆ.

ಕರಿದದ್ದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪೂರಿ, ಬನ್ಸ್, ಗೋಳಿಬಜೆ, ಮದ್ದೂರು ವಡೆ ಕರಿದ ಬಾಣಲೆಯಲ್ಲೇ ಉದ್ದಿನ ವಡೆಯನ್ನೂ ಹಪ್ಪಳವನ್ನೂ ಕರಿಯುತ್ತಾರೆ. ಬೆಳಗಿನ ಮೊದಲ ಒಬ್ಬೆಯಲ್ಲಿ, ಹೊಸ ಎಣ್ಣೆಯಲ್ಲಿ ಕರಿದ ವಡೆಯಾದರೆ, ಹಿಟ್ಟು ನೀರಾಯಿತೆಂದು ರವೆ ಬೆರೆಸಿಲ್ಲವೆಂದು ಗೊತ್ತಾದರೆ ತಿನ್ನಬಹುದು, ಉಳಿದಂತೆ ಬೇಡ.

ಎಲ್ಲಕ್ಕಿಂತ ನಂಬಿಕೆಯದು ಇಡ್ಲಿ. ಅದು ಹಬೆಯಲ್ಲಿ ಬೇಯುತ್ತದೆ, ಬೇರೆ ಹಿಟ್ಟಿನ ಸಂಪರ್ಕಕ್ಕೆ ಬರುವುದು ಕಡಿಮೆ. ಆದರೂ ರವೆ ಇಡ್ಲಿ ಮಾಡುವ ಕಡೆ ತಟ್ಟೆ ಬೇರೆಯೇ ಎಂದು ಕೇಳಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಿಂದ ಇಡ್ಲಿ ಮಾಡಿದೆವು ಎಂದು 1924ರಲ್ಲಿ ಹುಟ್ಟಿದ ಎಂ.ಟಿ.ಆರ್. ಹೇಳಿಕೊಳ್ಳುತ್ತದೆ, ಆ ತಿಂಡಿ ಇಂದು ಊರೆಲ್ಲ ಹರಡಿದೆ, ನಮ್ಮಂಥವರ ಪಾಲಿಗೆ ಇಡ್ಲಿಯೂ ವಿಚಾರಿಸಿ ತಿನ್ನಬೇಕಾದ ವಸ್ತುವಾಗಿದೆ.

ಇಂಗು

ಹೊಸದಾಗಿ ಪಥ್ಯ ಹಿಡಿದವರು ತಿಂಗಳುಗಟ್ಟಲೆ ಗಮನಿಸದೆ ಹೋಗುವುದು ಇಂಗನ್ನು. ಮನೆಯಲ್ಲಿರುವ ಇಂಗಿನ ಡಬ್ಬಿಯನ್ನು ತಿರುಗಿಸಿ, ಹಿಂಬದಿಯ ಸಣ್ಣಕ್ಷರವನ್ನು ಓದಿ. ಬಹುಪಾಲು ಡಬ್ಬಿಗಳ ಮೇಲೆ ಗೋಂದು, ಗೋಧಿ ಹಿಟ್ಟು ಅಥವಾ ಮೈದಾ, ಕೊನೆಗೆ ಇಂಗು ಎಂದಿರುತ್ತದೆ. ಶುದ್ಧ ಇಂಗು ಗಿಡದ ಬೇರಿನಿಂದ ಒಸರುವ ಅಂಟು. ಅದರ ಘಾಟು ಬಹಳ, ಬೆಲೆಯೂ ಬಹಳ. ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ತರಿಸಿಕೊಂಡು, ಬಳಕೆಗೆ ಬರುವಷ್ಟು ಮೃದುವಾಗಲೆಂದು ಹಿಟ್ಟಿನ ಜೊತೆ ಕಲಸಿ ಇಲ್ಲಿ ಮಾರುತ್ತಾರೆ. ಭಾರತದಲ್ಲಿ ಅದನ್ನು ಬೆಳೆಯುವ ಪ್ರಯತ್ನವಾಗಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಗಿಡ ನೆಟ್ಟದ್ದೇ 2020ರ ಅಕ್ಟೋಬರ್‌ನಲ್ಲಿ. ಗಟ್ಟಿ ಇಂಗಿನ ತುಂಡಿಗೂ ಸಾಮಾನ್ಯವಾಗಿ ಇದೇ ಹಿಟ್ಟು ಬೆರೆತಿರುತ್ತದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗು ಅಂಗಡಿಗಳಲ್ಲಿ ಸಿಗುತ್ತದೆ. ಮನೆಗೆ ಅದನ್ನೇ ತನ್ನಿ.

ಹೋಟೆಲಿನಲ್ಲಿ ಇಂಗು ಸೇರುವ ಜಾಗಗಳೆಂದರೆ ಸಾಂಬಾರ್, ತಿಳಿಸಾರು, ಬಿಸಿಬೇಳೆಬಾತ್, ಪುಳಿಯೋಗರೆ, ಚಟ್ನಿಯ ಒಗ್ಗರಣೆ, ಮೊಸರನ್ನದ ಒಗ್ಗರಣೆ, ಉಪ್ಪಿನಕಾಯಿ, ಚಟ್ನಿಪುಡಿ. ಸಾಂಬಾರಿಗೆ ‘ಇಂಗು ಹಾಕಬೇಡಿ’ ಎಂದು ಟೇಬಲ್ಲಿನಲ್ಲಿ ಕುಳಿತು ಹೇಳಿ ಉಪಯೋಗವಿಲ್ಲ, ಪುಡಿಯಲ್ಲೇ ಅದು ಸೇರಿರುತ್ತದೆ. ಒಂದು ಹಂಡೆ ಸಾರಿಗೆ ಬೀಳುವ ಇಂಗು ಚಿಟಿಕೆಯಷ್ಟೇ ಅಲ್ಲವೇ ಎಂದು ಹಲವರು ಕೇಳುತ್ತಾರೆ. ಪ್ರಮಾಣ ಚಿಕ್ಕದೇ. ಆದರೆ ನಮ್ಮ ಊಟದಲ್ಲಿ ಅದು ಒಂದೇ ಬಟ್ಟಲಲ್ಲಿರುವುದಿಲ್ಲ, ಸಾರಿನಿಂದ ಮೊಸರಿನವರೆಗೆ ಪ್ರತಿಯೊಂದರಲ್ಲೂ ಇರುತ್ತದೆ, ಅದೂ ದಿನವೂ ಹೊರಗೆ ಉಣ್ಣುವವರಿಗೆ. ಮಗಳ ವಿಷಯದಲ್ಲಿ ನಾನು ಆ ಅಪಾಯವನ್ನು ತೆಗೆದುಕೊಳ್ಳುವುದಿಲ್ಲ. ಇಡ್ಲಿಗೆ ಒಗ್ಗರಣೆ ಬೀಳುವ ಮುನ್ನ ತೆಗೆದಿಟ್ಟ ಚಟ್ನಿ, ಇಲ್ಲವೇ ತುಪ್ಪ, ಬೆಲ್ಲ. ಅನ್ನಕ್ಕೆ ಸಾದಾ ಮೊಸರು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಇಡ್ಲಿ ವಡೆಯ ಜೊತೆ ಸಾಂಬಾರ್ ಕೊಡದೆ ಚಟ್ನಿಯನ್ನಷ್ಟೇ ಕೊಡುವುದಕ್ಕೆ ಹೆಸರಾಗಿದೆ. ಅಂಥ ಕಡೆ ವಿಚಾರಿಸಬೇಕಾದದ್ದು ಕಡಿಮೆಯಾಗುತ್ತದೆ, ಆದರೂ ಚಟ್ನಿ, ವಡೆಗಳ ಬಗ್ಗೆ ಕೇಳದೆ ಇರಬಾರದು.

ಈರುಳ್ಳಿ ಬೆಳ್ಳುಳ್ಳಿ ಹಾಕದ ಅಡುಗೆಯಲ್ಲಿ ಇಂಗಿನ ಬಳಕೆ ಧಾರಾಳ, ಈರುಳ್ಳಿ ಬೆಳ್ಳುಳ್ಳಿಯೇ ಜೀವಾಳವಾದ ಅಡುಗೆಯಲ್ಲಿ ಕಡಿಮೆ. ಇದು ಗೊತ್ತಾದ ಮೇಲೆ ನಾವು ಹೋಟೆಲನ್ನು ಆರಿಸುವ ರೀತಿಯೇ ಬದಲಾಯಿತು.

ಯಾವ ಊಟಕ್ಕೆ ಎಲ್ಲಿಗೆ

ಮಾಂಸ ತಿನ್ನುವವರಿಗೆ ಮಿಲಿಟರಿ ಹೋಟೆಲಿಗಿಂತ ಹಿತವಾದ ಜಾಗ ನನಗೆ ಕಂಡಿಲ್ಲ. ರಾಗಿ ಮುದ್ದೆ, ಅನ್ನ, ಕಾಲ್ ಸೂಪ್, ತೆಂಗಿನಕಾಯಿ ಮತ್ತು ಹುರಿಗಡಲೆ ರುಬ್ಬಿ ಗಟ್ಟಿ ಮಾಡಿದ ಸಾರು, ಇವುಗಳಲ್ಲಿ ಗೋಧಿಗೆ ಕೆಲಸವಿಲ್ಲ. ಕೇಳಬೇಕಾದದ್ದು ರಾಗಿ ಹಿಟ್ಟಿನ ಮೂಲವನ್ನು: ಗೋಧಿ ಬೀಸಿದ ಗಿರಣಿಯಲ್ಲೇ ರಾಗಿಯನ್ನೂ ಬೀಸಿದ್ದರೆ ಕಲ್ಲಿನ ನಡುವೆ ಉಳಿದ ಗೋಧಿ ಹಿಟ್ಟು ರಾಗಿಯೊಳಗೆ ಬಂದಿರುತ್ತದೆ. ದಿನಕ್ಕೆ ಮೂಟೆಗಟ್ಟಲೆ ಮುದ್ದೆ ಮಾಡುವ ಹೋಟೆಲುಗಳು ರಾಗಿಯನ್ನು ಒಟ್ಟಿಗೆ ಬೀಸಿಸುವುದರಿಂದ ಈ ತೊಂದರೆ ಕಡಿಮೆ. ಅಲ್ಲಿನ ಕಬಾಬಿಗೆ ಮಾತ್ರ ಕಾರ್ನ್ ಫ್ಲೋರ್ ಜೊತೆ ಮೈದಾ ಸೇರಿಸುವ ರೂಢಿಯಿದೆ, ಅದನ್ನು ಬಿಟ್ಟುಬಿಡಿ. ದೊನ್ನೆ ಬಿರಿಯಾನಿ ಸಾಮಾನ್ಯವಾಗಿ ಸಮಸ್ಯೆಯಿಲ್ಲದ್ದು. ಹೈದರಾಬಾದಿ ದಮ್ ಬಿರಿಯಾನಿಯಲ್ಲಿ ಪಾತ್ರೆಯ ಬಾಯಿಗೆ ಗೋಧಿ ಹಿಟ್ಟಿನ ಕಣಕವನ್ನು ಮೆತ್ತುವುದುಂಟು. ಮುಚ್ಚಳ ತೆಗೆಯುವಾಗ ಅದು ಒಡೆದು ಅಕ್ಕಿಯ ಮೇಲೆ ಉದುರುತ್ತದೆ.

ಸಸ್ಯಾಹಾರಿಗಳಿಗೆ ಉತ್ತರ ಕರ್ನಾಟಕದ ಖಾನಾವಳಿ ದೊಡ್ಡ ಆಸರೆ. ಜೋಳದ ಹಿಟ್ಟಿಗೆ ಜಿಗುಟಿಲ್ಲ, ಅಂದರೆ ಗ್ಲುಟೆನ್ ಇಲ್ಲ. ಅದಕ್ಕೇ ಅದನ್ನು ಕುದಿನೀರಿನಲ್ಲಿ ನಾದಿ ಕೈಯಿಂದ ಬಡಿಯುವುದು. ಹಾಗಾಗಿ ಅಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ‘ರೊಟ್ಟಿ ತಟ್ಟಿದ್ದಾ, ಲಟ್ಟಿಸಿದ್ದಾ’ ಎಂಬುದು. ಲಟ್ಟಿಸಿದ್ದಾದರೆ ಹಿಟ್ಟು ಕೂಡಿಬರಲೆಂದು ಗೋಧಿ ಬೆರೆಸಿದ್ದೀರಾ ಎಂದು ಎರಡನೆಯ ಪ್ರಶ್ನೆ. ಚಪಾತಿಯ ಹಂಚು ಬೇರೆಯೇ ಎಂಬುದು ಮೂರನೆಯದು. ಹಂಚು ಒಂದೇ ಆಗಿದ್ದರೆ ಮೊದಲೇ ಬಡಿದು ಒಣಗಿಸಿಟ್ಟ ಕಡಕ್ ರೊಟ್ಟಿ ಕೇಳಬಹುದು, ಅದು ಎಲ್ಲಿ ಬೆಂದದ್ದೆಂದು ವಿಚಾರಿಸಿಕೊಂಡು. ಎಣ್ಣೆಗಾಯಿ, ಝುಣಕ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇಟ್ಟುಕೊಂಡು ಕುಳಿತರೆ ಏನನ್ನೋ ಕಳೆದುಕೊಂಡೆವೆಂಬ ಭಾವನೆಯೇ ಬರುವುದಿಲ್ಲ. ಝುಣಕದ ಒಗ್ಗರಣೆಗೆ ಇಂಗು ಬಿದ್ದಿದೆಯೇ ಎಂದು ಕೇಳುವುದನ್ನು ಮರೆಯಬೇಡಿ.

ಕರಾವಳಿಯ ಹೋಟೆಲುಗಳಲ್ಲಿ ನೀರು ದೋಸೆ, ಕೋರಿ ರೊಟ್ಟಿ, ಕೊಟ್ಟೆ ಕಡುಬು ಅಕ್ಕಿಯವು. ಮೀನನ್ನು ‘ರವಾ ಫ್ರೈ’ ಬೇಡ, ‘ತವಾ ಫ್ರೈ’ ಕೊಡಿ ಎಂದು ಹೇಳಿ, ಆ ತವಾದ ಮೇಲೆ ರವೆ ಮೀನು ಬೆಂದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಖಚಿತವಾಗದಿದ್ದರೆ ಗಸಿಯೇ ಒಳ್ಳೆಯದು. ಕೇರಳದ ಹೋಟೆಲಿನಲ್ಲಿ ಪುಟ್ಟು ಮತ್ತು ಇಡಿಯಪ್ಪಂ ಇವೆ. ಅಪ್ಪಂ ಹಿಟ್ಟು ಹುದುಗಲೆಂದು ಕೆಲವರು ರವೆಯ ಗಂಜಿ ಸೇರಿಸುತ್ತಾರೆ, ಕೇಳಿ. ಊರಿನ ಅವರೆಬೇಳೆ ಮೇಳಕ್ಕೆ ಪ್ರತಿವರ್ಷ ಹೋಗುತ್ತೇವೆ. ಹೋಳಿಗೆಯ ಕಣಕ ಮೈದಾ, ಆದರೆ ಹಿದುಕಿದ ಬೇಳೆಯ ಅಕ್ಕಿ ರೊಟ್ಟಿ ಸಿಗುತ್ತದೆ. ಅಕ್ಕಿ ರೊಟ್ಟಿ ಮುರಿಯದಿರಲೆಂದು ಗೋಧಿ ಬೆರೆಸುವವರೂ ಇರುವುದರಿಂದ ಅಲ್ಲೂ ಅದೇ ಪ್ರಶ್ನೆ.

ಚೈನೀಸ್ ಬೇಡವೇ ಬೇಡ: ಸಾಮಾನ್ಯ ಸೋಯಾ ಸಾಸ್‌ನಲ್ಲೇ ಗೋಧಿ ಇದೆ, ಗೋಬಿ ಮಂಚೂರಿ ಮೈದಾದಲ್ಲಿ ಅದ್ದಿದ್ದು, ಫ್ರೈಡ್ ರೈಸಿನ ಬಾಣಲೆಯೂ ನೂಡಲ್ಸಿನದೇ. ಉತ್ತರ ಭಾರತೀಯ ಹೋಟೆಲುಗಳಲ್ಲಿ ತಂದೂರಿ ಪನೀರು ಬೇಯುವುದು ನಾನ್ ಅಂಟಿಸುವ ಒಲೆಯಲ್ಲೇ. ಪಿಜ್ಜಾ ಅಂಗಡಿಯವರು ಗ್ಲುಟೆನ್ ಇಲ್ಲದ ಬೇಸ್ ಇಟ್ಟಿದ್ದರೂ ಒಲೆ ಮತ್ತು ಕತ್ತರಿಸುವ ಚಕ್ರ ಬೇರೆಯಿಲ್ಲದಿದ್ದರೆ ಪ್ರಯೋಜನವಿಲ್ಲ. ಸಿರಿಧಾನ್ಯದ ಹೋಟೆಲುಗಳು 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದ ಆಸುಪಾಸಿನಲ್ಲಿ ಬಹಳ ಗಮನ ಸೆಳೆದವು. ನವಣೆ, ಸಾಮೆ, ಊದಲು, ಹಾರಕ, ಕೊರಲೆ ಎಲ್ಲವೂ ನಮಗೆ ಆಗುವ ಧಾನ್ಯಗಳೇ, ಆದರೆ ‘ಮಲ್ಟಿಗ್ರೇನ್’ ಎಂದು ಬರೆದ ಕಡೆ ಗೋಧಿಯೂ ಅವುಗಳಲ್ಲೊಂದು ಆಗಿರುತ್ತದೆ. ಕುಡಿಯುವುದರಲ್ಲಿ ಫಿಲ್ಟರ್ ಕಾಫಿ, ಚಹಾ, ಮಜ್ಜಿಗೆ (ಒಗ್ಗರಣೆಯಿಲ್ಲದ್ದು) ಆಗುತ್ತವೆ. ಹಾರ್ಲಿಕ್ಸ್, ಬೂಸ್ಟ್, ಬಿಯರ್ ಆಗುವುದಿಲ್ಲ. ಐಸ್‌ಕ್ರೀಮನ್ನು ಕೋನ್ ಬಿಟ್ಟು ಕಪ್ಪಿನಲ್ಲಿ ಕೇಳಿ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಗಳ ಪ್ರಕಾರ, ಕೇಂದ್ರೀಯ ಪರವಾನಗಿ ಇರುವ ಅಥವಾ 10 ಮತ್ತು ಹೆಚ್ಚು ಕಡೆ ಶಾಖೆಗಳಿರುವ ಆಹಾರ ಸಂಸ್ಥೆಗಳು ಅಲರ್ಜಿಕಾರಕಗಳ ಮಾಹಿತಿಯನ್ನು ಗಿರಾಕಿಗೆ ಕೊಡಬೇಕು, ಅವುಗಳಲ್ಲಿ ಗ್ಲುಟೆನ್ ಇರುವ ಧಾನ್ಯಗಳೂ ಸೇರಿವೆ. ಆದ್ದರಿಂದ ದೊಡ್ಡ ಸರಣಿ ಹೋಟೆಲಿನಲ್ಲಿ ಕೇಳುವಾಗ ಸಂಕೋಚ ಪಡಬೇಕಾಗಿಲ್ಲ. ಪೊಟ್ಟಣದ ಮೇಲೆ ‘ಗ್ಲುಟೆನ್ ಫ್ರೀ’ ಎಂದು ಹಾಕಲು ಪ್ರತಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು ಎಂಬ ಮಿತಿಯೂ ಇದೆ. ಸಣ್ಣ ಹೋಟೆಲುಗಳಿಗೆ ಇಂಥ ಕಟ್ಟುಪಾಡು ಇಲ್ಲ. ಅಲ್ಲಿ ನಡೆಯುವುದು ನಿಮ್ಮ ಮಾತು ಮತ್ತು ಅವರ ಮನಸ್ಸು.

ಹೋಗುವ ಹೊತ್ತೂ ಮುಖ್ಯ. ಬೆಳಿಗ್ಗೆ 7ರ ಒಳಗೆ ಹೋದರೆ ಕಾವಲಿ ತೊಳೆದಿರುತ್ತದೆ, ಎಣ್ಣೆ ಹೊಸದಾಗಿರುತ್ತದೆ, ಮಾಸ್ಟರಿಗೆ ನಿಮ್ಮ ಮಾತು ಕೇಳುವ ಪುರುಸೊತ್ತು ಇರುತ್ತದೆ. ಮಧ್ಯಾಹ್ನ ಒಂದೂವರೆಗೆ ಇವು ಮೂರೂ ಇರುವುದಿಲ್ಲ. ಮದುವೆ ಮನೆಗಳಿಗೆ ಹಿಂದಿನ ದಿನವೇ ಅಡುಗೆಯವರಿಗೆ ಫೋನು ಮಾಡಿ, ಒಗ್ಗರಣೆ ಹಾಕುವ ಮುನ್ನ ಬೆಂದ ಬೇಳೆ, ಒಂದು ಪಲ್ಯ, ಅನ್ನವನ್ನು ಮುಚ್ಚಿ ತೆಗೆದಿಡಲು ಕೇಳಿಕೊಳ್ಳುತ್ತೇವೆ. ಇದುವರೆಗೆ ಯಾರೂ ಆಗುವುದಿಲ್ಲ ಎಂದಿಲ್ಲ. ಚೀಲದಲ್ಲಿ ಎರಡು ಬಾಳೆಹಣ್ಣು, ಒಂದು ಡಬ್ಬಿ ಹುರಿಗಡಲೆ ಅಥವಾ ಮನೆಯ ಚಕ್ಕುಲಿ, ಸಣ್ಣ ಶೀಶೆಯಲ್ಲಿ ಮನೆಯ ಚಟ್ನಿಪುಡಿ ಸದಾ ಇರುತ್ತವೆ. ಚಟ್ನಿಪುಡಿಗೆ ಹೋಟೆಲಿನ ತುಪ್ಪ ಕಲಸಿಕೊಂಡರೆ ಮೂರು ಇಡ್ಲಿಗೆ ಅಷ್ಟು ಸಾಕು.

ಎಷ್ಟೇ ಎಚ್ಚರವಿದ್ದರೂ ಒಮ್ಮೊಮ್ಮೆ ತಪ್ಪುತ್ತದೆ. ಆಗ ನೀರು, ಓ.ಆರ್.ಎಸ್., ಗಂಜಿ ಕೊಟ್ಟು ವಿಶ್ರಾಂತಿ ಮಾಡಿಸಿ. ವಾಂತಿ ಭೇದಿ ನಿಲ್ಲದಿದ್ದರೆ ವೈದ್ಯರನ್ನು ಕಾಣಿ. ತಿಂದದ್ದು, ಹೋಟೆಲು, ದಿನ, ಹೊತ್ತು ಬರೆದಿಡಿ. ನಮ್ಮ ಭಾನುವಾರದ ರವೆ ಪತ್ತೆಯಾದದ್ದು ಅಂಥ ಪುಸ್ತಕದಿಂದಲೇ. ಆಮೇಲೆ ಆ ಹೋಟೆಲಿಗೆ ಹೋಗಿ ಜಗಳವಾಡದೆ ತಿಳಿಸಿ. ನಾವು ತಿಳಿಸಿದ ಆ ಹೋಟೆಲಿನ ಭಟ್ಟರು ಈಗ ಮಗಳನ್ನು ಬಾಗಿಲಲ್ಲಿ ಕಂಡರೆ ಸಾಕು, ‘ಇವತ್ತು ಬೇಡ ಮಗಾ, ಹಿಟ್ಟಿಗೆ ರವೆ ಬಿದ್ದಿದೆ, ಇಡ್ಲಿ ತಿನ್ನು’ ಎಂದು ದೂರದಿಂದಲೇ ಕೂಗಿ ಹೇಳುತ್ತಾರೆ. ಅವರು ರಜೆ ಹಾಕಿದ ದಿನ ನಾವು ಮತ್ತೆ ಚೀಟಿ ತೆಗೆಯುತ್ತೇವೆ.